ಅಳಿಸುವವಳ ಅಂಗೈ

ಸಿವಾಸ್ ಸೀಮೆಯ ಆ ಹಳ್ಳಿಯಲ್ಲಿ ಮದುಮಗಳು ಅಳುವವರೆಗೆ ಅವಳ ಕೈಗೆ ಮದರಂಗಿ ಹಚ್ಚುವುದಿಲ್ಲ. ಅಳದೆ ಹೋದವಳನ್ನು ಹೆತ್ತವರ ಹಂಗಿಲ್ಲದವಳು ಎನ್ನುತ್ತಾರೆ. ಅಳಿಸುವ ಕೆಲಸ ಎಲ್ಮಾಸಳದು. ಅವಳು ದಮ್ಮಡಿ ಬಡಿಯುತ್ತ ರಾಗ ಎಳೆದರೆ ಎಂಥ ಗಟ್ಟಿಗಿತ್ತಿಯೂ ಕರಗಬೇಕು. ಇದುವರೆಗೆ ಒಬ್ಬಳೂ ಅವಳನ್ನು ಸೋಲಿಸಿರಲಿಲ್ಲ.

ಇಂದು ಕೂತಿದ್ದವಳು ಅವಳ ಗಂಡನ ಅಣ್ಣನ ಮಗಳು ನಾಜ್ಲಿ. ಕೆಂಪು ಮುಸುಕಿನೊಳಗೆ ಕಿಸಿಕಿಸಿ ನಗುತ್ತಿದ್ದಳು.

"ಏಳು ಹೊಳೆಯಾಚೆ ಕೊಟ್ಟಿರಿ ನನ್ನ, ಕೂಗಿದರೆ ಯಾರು ಓಗೊಟ್ಟಾರು..." ಎಲ್ಮಾಸ್ ಹಾಡು ಎತ್ತಿದಳು.

"ಯಾವ ಹೊಳೆ ಚಿಕ್ಕಮ್ಮಾ? ನಾನು ದಾಟೋದು ನಮ್ಮನೆ ಬಚ್ಚಲ ನೀರು!" ನಾಜ್ಲಿ ಒಲಿದದ್ದು ಎದುರುಮನೆಯ ಹುಡುಗನಿಗೆ. "ಕೂಗಿದ್ರೆ ಇಡೀ ಬೀದಿ ಓಗೊಡುತ್ತೆ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಬಟ್ಟಲಲ್ಲಿ ಮದರಂಗಿ ಒಣಗತೊಡಗಿತು. ನಾಜ್ಲಿಯ ಅತ್ತೆಯಾಗಲಿರುವ ಹಾಜೆರ್ ಕೆಣಕಿದಳು: "ಏನೇ ಎಲ್ಮಾಸ್, ಈರುಳ್ಳಿ ತರಿಸ್ಲಾ?"

ಈರುಳ್ಳಿಯ ಕಣ್ಣೀರು ಲೆಕ್ಕಕ್ಕಿಲ್ಲವೆಂದು ಎಲ್ಲರಿಗೂ ಗೊತ್ತು. ಎಲ್ಮಾಸಳ ಕಿವಿ ಬಿಸಿಯಾಯಿತು. ತಾಯಿಯ ಮೇಲೆ ಹಾಡಿದಳು, ತಂದೆಯ ಮೇಲೆ ಹಾಡಿದಳು, ಕೊನೆಗೆ ಕೊಟ್ಟಿಗೆಯ ಕರುವಿನ ಮೇಲೂ ಹಾಡಿದಳು.

"ಕರುನೂ ನನ್ನ ಜೊತೇಲೇ ಬರುತ್ತೆ," ಎಂದಳು ನಾಜ್ಲಿ. "ಇರ್ಲಿ, ನಿನ್ನ ಮದುವೇಲಿ ಯಾರು ಅಳಿಸಿದ್ರು?"

"ಯಾರೂ ಇಲ್ಲ. ಹಿಮ ಬಿದ್ದು ದಾರಿ ಮುಚ್ಚುತ್ತೆ ಅಂತ ನಿಮ್ಮಜ್ಜನಿಗೆ ಅವಸರ. ಹಾಡಿಲ್ಲ, ಮದರಂಗಿ ಇಲ್ಲ. ಕುದುರೆ ಹತ್ತಿಸಿದ್ರು, ಬಂದೆ. ಹಿಮ ಕರಗೋ ಹೊತ್ತಿಗೆ ತವರಲ್ಲಿ ಅಮ್ಮ ತೀರಿಹೋಗಿದ್ಲು." ಎಲ್ಮಾಸ್ ಇದನ್ನು ಊರ ಹವೆಯ ಸುದ್ದಿಯಂತೆ ಹೇಳಿದಳು.

ನಾಜ್ಲಿ ತನ್ನ ಮುಸುಕನ್ನು ತೆಗೆದು ಚಿಕ್ಕಮ್ಮನ ತಲೆಗೆ ಹೊದಿಸಿದಳು. ದಮ್ಮಡಿ ಕಿತ್ತುಕೊಂಡು, ಅದೇ ಏಳು ಹೊಳೆಯ ಹಾಡನ್ನು ಶುದ್ಧ ಅಪಸ್ವರದಲ್ಲಿ ಹಾಡತೊಡಗಿದಳು. ತಿದ್ದಲೆಂದು ಎಲ್ಮಾಸ್ ಬಾಯಿ ತೆರೆದಳು. ಬಂದದ್ದು ಸ್ವರವಲ್ಲ. ಅಷ್ಟು ಹುಡುಗಿಯರಿಗೆ ಹಂಚಿದ ಅಳುವಿನಲ್ಲಿ ತನ್ನ ಪಾಲು ಹಾಗೇ ಉಳಿದಿತ್ತೆಂದು ಅವಳಿಗೆ ಆಗಲೇ ತಿಳಿದದ್ದು. ಬಿಕ್ಕಿ ಬಿಕ್ಕಿ ಅತ್ತಳು. ಅದನ್ನು ನೋಡಿ ನಾಜ್ಲಿ ದಮ್ಮಡಿ ಕೆಳಗಿಟ್ಟಳು. ಚಿಕ್ಕಮ್ಮನ ಕೊರಳಿಗೆ ಬಿದ್ದು ಅವಳೂ ಗೊಳೋ ಎಂದಳು.

"ಅತ್ತಳು! ಅತ್ತಳು!" ಹಾಜೆರ್ ಕುಣಿದಳು. "ಬೇಗ ಮದರಂಗಿ ತನ್ನಿ!"

ಬಟ್ಟಲು ಬಂತು. ಮುಸುಕಿನೊಳಗಿಂದ ಮೊದಲು ಚಾಚಿದ್ದು ಎಲ್ಮಾಸಳ ಅಂಗೈ.

"ನನಗೆ ಮೊದಲು," ಎಂದಳು ಮೂಗೆಳೆಯುತ್ತ. "ಇವಳು ಕಾಯ್ಲಿ. ಎರಡನೇ ಸಾಲನ್ನ ಕತ್ತೆ ಹಾಗೆ ಎಳೆದಿದಾಳೆ."