ಮೇಜಿನ ಈಚೆ ಬದಿ

ನಮ್ಮ ಅಂಗಡಿಯಲ್ಲಿ ಉಡುಗೊರೆ ಕಟ್ಟುವ ಮೇಜಿನ ಹತ್ತಿರ ಕುರಾಮೊಚಿ ಅವರ ಮಾತೇ ಕೊನೆ. ಇಡೀ ಕನಾಜಾವಾ ಊರಿನಲ್ಲಿ ಅವರಷ್ಟು ಚೆಂದ ಕಾಗದ ಸುತ್ತುವವರಿಲ್ಲ, ಅವರಷ್ಟು ಸಿಡುಕುವವರೂ ಇಲ್ಲ. ಹೊಸದಾಗಿ ಸೇರಿದ ಹುಡುಗಿ ಉಮೆದಾಗೆ ಮೊದಲ ದಿನವೇ ಹೇಳಿದ್ದರು: "ಬಾಯಿ ಮುಚ್ಕೊಂಡು ನನ್ನ ಕೈ ನೋಡು."

ಹುಡುಗಿ ಮೇಜಿನ ಆಚೆ ನಿಂತು ಕಣ್ಣು ಮಿಟುಕಿಸದೆ ನೋಡಿದಳು. ಆದರೆ ಕಟ್ಟಿದ್ದೆಲ್ಲ ತಿರುಗುಮುರುಗು. ಮದುವೆಯ ಉಡುಗೊರೆಗೆ ಕಾಗದದ ಬಲ ಅಂಚು ಮೇಲೆ ಬರಬೇಕು. ಎಡದ್ದು ಮೇಲೆ ಬಂದರೆ ಅದು ಸಾವಿನ ಮನೆಗೆ ಒಯ್ಯುವ ಪೊಟ್ಟಣ.

"ಮದುಮಕ್ಕಳನ್ನ ಮಸಣಕ್ಕೆ ಕಳಿಸ್ತೀಯೇನೇ?" ಎಂದು ಕುರಾಮೊಚಿ ಇವತ್ತೂ ರೇಗಿದರು. ಹುಡುಗಿಯ ಕಣ್ಣು ತುಂಬಿತು.

ಪಕ್ಕದಲ್ಲಿ ಚಹಾಪುಡಿ ಮಾರುವ ನನಗೆ ಇಬ್ಬರ ಕೈಗಳೂ ಕಾಣುತ್ತಿದ್ದವು, ಕನ್ನಡಿಯ ಒಳಗೊಂದು ಹೊರಗೊಂದು ಇದ್ದ ಹಾಗೆ. ತಡೆಯಲಾಗಲಿಲ್ಲ. ಹೋಗಿ ಅವಳ ತೋಳು ಹಿಡಿದು ಮೇಜಿನ ಈಚೆ, ಕುರಾಮೊಚಿ ಅವರ ಮಗ್ಗುಲಿಗೆ ತಂದು ನಿಲ್ಲಿಸಿದೆ.

"ಈಗ ಕಟ್ಟಿ ತೋರಿಸಿ" ಎಂದೆ, ಸ್ವಲ್ಪ ಜೋರಾಗಿಯೇ.

ಅವರು ಕಟ್ಟಿದರು. ಉಮೆದಾ ಕಟ್ಟಿದಳು. ಬಲ ಅಂಚು ಮೇಲೆ ಬಂದು ಕೂತಿತು.

"ಎದುರಿಗೆ ನಿಂತು ನೋಡಿದ್ರೆ ನಂಗೆ ಎಡ ಬಲ ಅದಲುಬದಲಾಗುತ್ತೆ" ಎಂದಳು ಮೆಲ್ಲಗೆ.

"ಮೊದಲೇ ಹೇಳೋಕೇನಾಗಿತ್ತು?"

"ನೀವು ಬಾಯಿ ಮುಚ್ಕೊಂಡು ನೋಡು ಅಂದಿದ್ರಲ್ಲ..."

ಕುರಾಮೊಚಿ ಆ ಪೊಟ್ಟಣವನ್ನೊಮ್ಮೆ ಸವರಿದರು. ಆಮೇಲೆ ಹೊಸ ಕಾಗದ ಹಾಸಿ, ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟರು.

"ಈಗ ನೀನು ಮಾತಾಡ್ತಾ ಕಟ್ಟಮ್ಮ. ನಾನು ಬಾಯಿ ಮುಚ್ಕೊಂಡು ನೋಡ್ತೀನಿ."