ಮೊದಲು ಶಾಫ್ಟ್, ಆಮೇಲೆ ಎಂಜಿನ್

ಟ್ರ್ಯಾಕ್ಟರ್ ಎಳೆತದ ಸ್ಪರ್ಧೆ ಅಂದ ಕೂಡಲೇ ಹಳೇ ಗಾಡಿ ಇರುವವರ ಕೈ ಮೊದಲು ಹೋಗುವುದು ಎಂಜಿನ್ ಕಡೆಗೆ. ನಮ್ಮ ಗುಡುಗಣ್ಣನೂ ಅದನ್ನೇ ಮಾಡಿದ. ಅವನ ಮಾತು ನಾಲ್ಕು ಹೊಲದಾಚೆಗೂ ಕೇಳಿಸುತ್ತಿತ್ತು, ಹಾಗಾಗಿ ಊರು ಇಟ್ಟ ಹೆಸರು ಅದು. ಅಪ್ಪ ಬಿಟ್ಟುಹೋದ ಟ್ರ್ಯಾಕ್ಟರಿಗೆ ಹೆಚ್ಚುಕಡಿಮೆ ಅವನಷ್ಟೇ ವಯಸ್ಸು. ಅದರ ಡೀಸೆಲ್ ಪಂಪನ್ನು ತಿರುಗಿಸಿ ಶಕ್ತಿ ಹೆಚ್ಚಿಸಿದ. ಹೊಗೆ ಕಪ್ಪಗೆ ಎದ್ದಿತು, ಅವನ ಮುಖ ಅರಳಿತು.

ಸ್ಪರ್ಧೆಗೆ ಇನ್ನು ಮೂರು ವಾರ ಉಳಿದಿತ್ತು. ಅಲ್ಲಿ ಭಾರ ಹೊತ್ತ ಜಾರುಬಂಡಿಯನ್ನು ಎಳೆಯಬೇಕು. ಬಂಡಿ ಮುಂದೆ ಹೋದಷ್ಟೂ ಅದರ ಮೇಲಿನ ಭಾರದ ಪೆಟ್ಟಿಗೆ ಮುಂದಕ್ಕೆ ಸರಿದು, ಎಳೆಯುವುದು ಇನ್ನೂ ಕಷ್ಟವಾಗುತ್ತದೆ. ಹೋದ ವರ್ಷ ಗುಡುಗಣ್ಣ ಅರ್ಧ ದಾರಿಯಲ್ಲೇ ನಿಂತಿದ್ದ. ಈ ಸಲ ಬಿಡಬಾರದು ಅಂತ ಹಿತ್ತಲಿನ ಬಯಲಲ್ಲಿ ದೊಡ್ಡ ಮರದ ದಿಮ್ಮಿ ಕಟ್ಟಿ ದಿನಾ ಎಳೆಯತೊಡಗಿದ.

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಒಂದು ಬೆಳಗ್ಗೆ ಕಿವಿಗೊಟ್ಟು ಕೇಳಿದಳು.

"ರೀ, ಕ್ಲಚ್ ಬಿಟ್ಟಾಗೆಲ್ಲ ಒಳಗೆ ಟಕ್ ಅಂತ ಸದ್ದು ಬರುತ್ತೆ."

"ಹಳೇ ಗಾಡಿ ಕಣೇ. ವಯಸ್ಸಾದವರು ಎದ್ದಾಗ ಮಂಡಿ ಟಕ್ ಅನ್ನಲ್ವಾ?"

"ಮಂಡಿ ಟಕ್ ಅನ್ನೋರು ಓಟದ ಪಂದ್ಯಕ್ಕೆ ಹೋಗಲ್ಲ," ಅಂದವಳು ಬಟ್ಟೆಯ ಬುಟ್ಟಿಯನ್ನು ಅಲ್ಲೇ ಇಟ್ಟು, ಗಂಡನ ಅಕ್ಕನ ವರ್ಕ್‌ಶಾಪಿಗೆ ನಡೆದಳು.

ಅಕ್ಕ ಇಪ್ಪತ್ತು ವರ್ಷದಿಂದ ಲೇತ್ ಯಂತ್ರದ ಮುಂದೆ ನಿಂತವಳು. ಶಾಫ್ಟು, ಗೇರು ಅಂದರೆ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಮಧ್ಯಾಹ್ನದ ಹೊತ್ತಿಗೆ ಸ್ಪ್ಯಾನರ್ ಚೀಲ ಹಿಡಿದು ಬಂದೇಬಿಟ್ಟಳು.

"ಪಂಪ್ ತಿರುಗಿಸಿದ್ದೀಯಂತೆ?"

"ಹೂಂ ಅಕ್ಕ. ಈಗ ನೋಡು, ಹುಲಿ!"

"ತೋಳಿಗೇನೋ ಬಲ ಬಂತು. ಸೊಂಟಕ್ಕೆ ಬಂತಾ?"

"ಅಪ್ಪನ ಕಾಲದ ಕಬ್ಬಿಣ ಅಕ್ಕ ಇದು! ಈಗಿನ ತಗಡಲ್ಲ."

"ಅಪ್ಪ ಇದರಲ್ಲಿ ನೇಗಿಲು ಎಳೆಸಿದ್ರು ಕಣೋ. ನೀನು ಗುಡ್ಡ ಎಳೆ ಅಂತಿದ್ದೀಯ. ಎಂಜಿನ್ ಕೊಡೋ ಬಲವೆಲ್ಲ ಕ್ಲಚ್, ಶಾಫ್ಟ್, ಗೇರ್, ಆಕ್ಸಲ್ ದಾಟೇ ಚಕ್ರಕ್ಕೆ ಹೋಗಬೇಕು. ನಡುವೆ ಯಾವುದು ಸೊರಗಿದೆಯೋ ಅದು ಮುರಿಯುತ್ತೆ."

"ಮುರಿದ್ರೆ ಬೇರೆ ಹಾಕಿದ್ರಾಯ್ತು."

ಅಕ್ಕ ಚೀಲ ಕೆಳಗಿಟ್ಟಳು. "ಹೋದ ವರ್ಷ ಒಬ್ಬರು ನನ್ನ ಹತ್ರ ಕ್ಲಚ್ಚಿನ ಸುತ್ತ ಇರೋ ಎರಕದ ಗೂಡನ್ನ ರಿಪೇರಿಗೆ ತಂದ್ರು. ಯಾವುದರಲ್ಲಿ ತಂದ್ರು ಗೊತ್ತಾ? ಬಕೆಟ್‌ನಲ್ಲಿ. ಅಷ್ಟು ಚೂರಾಗಿತ್ತು. ವೇಗವಾಗಿ ತಿರುಗ್ತಾ ಇರುವಾಗ ಕ್ಲಚ್ ಸಿಡೀತು. ಆ ಚೂರು ಎಲ್ಲಿಗೆ ಬರುತ್ತೆ ಹೇಳು? ನೀನು ಕಾಲಿಡೋ ಜಾಗಕ್ಕೆ. ಗಾಡಿಗೆ ಬೇರೆ ಹಾಕಬಹುದು. ಅವರ ಪಾದಕ್ಕೆ ಬೇರೆ ಹಾಕೋಕೆ ಆಗಲಿಲ್ಲ."

ಗುಡುಗಣ್ಣನಿಗೆ ಆದರೂ ನಂಬಿಕೆ ಬರಲಿಲ್ಲ. "ನಂದು ಹಾಗಾಗಲ್ಲ," ಅಂದ ಜೋರಾಗಿ.

"ಬಿಚ್ಚಿ ನೋಡೋಣ. ಚೆನ್ನಾಗಿದ್ರೆ ನಾನೇ ಕಟ್ಟಿ ಕೊಡ್ತೀನಿ."

ಎರಡು ದಿನ ಹಿಡಿಯಿತು. ಜಾಕ್ ಕೊಟ್ಟು, ಮರದ ತುಂಡು ಆನಿಸಿ, ಟ್ರ್ಯಾಕ್ಟರನ್ನು ನಡುವೆಯೇ ಬೇರ್ಪಡಿಸಿದರು. ಮುಂಭಾಗ ಒಂದು ಕಡೆ, ಹಿಂಭಾಗ ಒಂದು ಕಡೆ. ನೀರು ತಂದ ಹೆಂಡತಿ ನೋಡಿ ನಕ್ಕಳು. "ಏನು, ಅಕ್ಕ ತಮ್ಮ ಪಾಲು ಮಾಡ್ಕೊಂಡ್ರಾ?"

ಅಕ್ಕ ಕ್ಲಚ್‌ನಿಂದ ಗೇರ್‌ ಬಾಕ್ಸ್‌ಗೆ ಹೋಗುವ ಶಾಫ್ಟನ್ನು ಹೊರಗೆ ತೆಗೆದು ತೊಳೆದಳು. ಬಿಸಿಲಿಗೆ ಥಳಥಳ ಹೊಳೆಯಿತು. "ನೋಡು, ಕನ್ನಡಿ ಹಾಗಿದೆ!" ಅಂದ ಗುಡುಗಣ್ಣ. ಅಕ್ಕ ಶಾಫ್ಟನ್ನು ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿದಳು.

ಮೂವರೂ ಬಗ್ಗಿ ನೋಡುತ್ತ ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಶಾಫ್ಟಿನ ಹಲ್ಲುಗಳು ಮುಗಿಯುವ ಜಾಗದಲ್ಲಿ, ಬಿಳಿ ಪುಡಿಯ ಮೇಲೆ ಕೂದಲಿನಂಥ ಒಂದು ಕಪ್ಪು ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಗೆ ಒಸರಿತ್ತು. ಗೆರೆ ಸುತ್ತಿಕೊಂಡು ಹೋಗಿ ಅರ್ಧ ಸುತ್ತಿನಲ್ಲಿ ನಿಂತಿತು.

ಗುಡುಗಣ್ಣ ತನ್ನ ಎಡಗಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ. "ಅಕ್ಕ, ಏನೇನು ಮಾಡಬೇಕು ಹೇಳು."

ಅಕ್ಕ ಮೊದಲು ಪಂಪನ್ನು ಹಿಂದಿನ ಅಳತೆಗೆ ತಂದಳು. ಗಟ್ಟಿ ಉಕ್ಕಿನಲ್ಲಿ ಹೊಸ ಶಾಫ್ಟ್ ಕಡೆದು, ಕಾಯಿಸಿ ಹದ ಮಾಡಿಸಿದಳು. ಸವೆದ ಕ್ಲಚ್ ಪ್ಲೇಟ್ ಹೋಗಿ, ಎಳೆತದ ಗಾಡಿಗೆಂದೇ ಮಾಡಿದ ಪ್ಲೇಟ್ ಬಂತು. ಆಕ್ಸಲ್‌ಗಳನ್ನೂ ಹೀಗೇ ಪುಡಿ ಹಚ್ಚಿ ನೋಡಿದರು, ಸದ್ಯ ಅವು ಚೆನ್ನಾಗಿದ್ದವು. ಕ್ಲಚ್ಚಿನ ಸುತ್ತ, ಸ್ಪರ್ಧೆಯವರ ನಿಯಮದ ಪಟ್ಟಿಯಲ್ಲಿದ್ದ ಅಳತೆಗೆ ಸರಿಯಾಗಿ, ದಪ್ಪ ಉಕ್ಕಿನ ಕವಚ ಕೂತಿತು. ಗಾಡಿಯ ಮೂತಿ ಬೇಗ ಮೇಲೇಳದಂತೆ ಬಂಡಿ ಕಟ್ಟುವ ಕೊಕ್ಕೆ ಹಿಂದಿನ ಆಕ್ಸಲ್‌ಗಿಂತ ಕೆಳಕ್ಕೆ ಇಳಿಯಿತು. ಬಂಡಿ ಕಳಚಿಕೊಂಡರೆ ಅದಕ್ಕೆ ಕಟ್ಟಿದ ಹಗ್ಗ ಜಗ್ಗಿ ಎಂಜಿನ್ ತಾನಾಗಿ ನಿಲ್ಲುವ ಸ್ವಿಚ್ ಕೂಡ ಬಂತು. ಕೊನೆಗೆ ಗಾಡಿ ಹಿಂದಕ್ಕೆ ಮಗುಚದಂತೆ ಎರಡು ಊರುಗೋಲು, ಅವುಗಳ ತುದಿಗೆ ಪುಟ್ಟ ಚಕ್ರ.

ಅದನ್ನು ನೋಡಿ ಗುಡುಗಣ್ಣ ಮುಖ ಸಿಂಡರಿಸಿದ. "ಮಕ್ಕಳ ಸೈಕಲ್ ಥರ ಕಾಣುತ್ತಲ್ಲ ಅಕ್ಕ! ಜನ ನಗ್ತಾರೆ."

"ನಗಲಿ ಬಿಡಿ ರೀ," ಅಂದಳು ಹೆಂಡತಿ. "ನಗೋರ ಎದುರು ಎದ್ದು ನಿಲ್ಲೋಕೆ ಕಾಲಿರಬೇಕು ಮೊದಲು."

ಇಷ್ಟಾದ ಮೇಲೆಯೇ ಅಕ್ಕ ಶಕ್ತಿ ಹೆಚ್ಚಿಸಲು ಮತ್ತೆ ಪಂಪನ್ನು ಮುಟ್ಟಿದಳು. ಅದೂ ಒಂದೊಂದೇ ಕೂದಲೆಳೆಯಷ್ಟು, ಪ್ರತಿ ಸಲವೂ ಓಡಿಸಿ ನೋಡಿ.

ಸ್ಪರ್ಧೆಯ ದಿನ ಜನ ನಿಜವಾಗಿಯೂ ನಕ್ಕರು. ಗುಡುಗಣ್ಣ ಬೆಲ್ಟ್ ಹಾಕಿ ಕೂತು, ಹೆಲ್ಮೆಟ್ ಬಿಗಿದ. ಬಂಡಿ ಅಲುಗಿತು, ಜಾರಿತು, ಹೋದ ವರ್ಷ ನಿಂತಿದ್ದ ಗುರುತು ದಾಟಿತು. ಭಾರ ಮುಂದಕ್ಕೆ ಸರಿಯಿತು. ಇದ್ದಕ್ಕಿದ್ದಂತೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತು, ಮುಂದಿನ ಚಕ್ರಗಳು ಗಾಳಿಯಲ್ಲಿ ತಿರುಗಿದವು. ಹೆಂಡತಿ ಅಕ್ಕನ ಕೈ ಗಟ್ಟಿಯಾಗಿ ಹಿಡಿದಳು. ಹಿಂದಿನ ಪುಟ್ಟ ಚಕ್ರಗಳು ನೆಲಕ್ಕೆ ತಾಗಿದವು, ತಡೆದವು. ಗುಡುಗಣ್ಣ ಕ್ಲಚ್ ಒತ್ತಿದ. ಮೂತಿ ಮೆಲ್ಲಗೆ ಕೆಳಗಿಳಿಯಿತು. ನಗುತ್ತಿದ್ದವರೆಲ್ಲ ಗಪ್ ಚಿಪ್.

ಮೂರನೇ ಸ್ಥಾನ ಬಂತು. ಗಾಡಿಯಿಂದ ಇಳಿದವನೇ ಅವನು ಹೇಳಿದ್ದು ಅಷ್ಟೂ ಬಯಲಿಗೆ ಕೇಳಿಸಿತು: "ಇದು ನಮ್ಮಕ್ಕ ಕಟ್ಟಿದ ಗಾಡಿ!" ಅಕ್ಕ ನಾಚಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮರುದಿನದಿಂದ ಅವಳ ವರ್ಕ್‌ಶಾಪಿನ ಮುಂದೆ ಐದು ಟ್ರ್ಯಾಕ್ಟರುಗಳ ಸಾಲು.

ಕೇಳ್ತಾ ಇರೋ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಳೇ ಟ್ರ್ಯಾಕ್ಟರ್ ಇದ್ದು, ಎಳೆತಕ್ಕೆ ಇಳಿಸೋ ಆಸೆ ಇದ್ದರೆ ಇಳಿಸಿ, ಬೇಡ ಅನ್ನೋರು ಯಾರು? ಆದರೆ ಎಂಜಿನ್ ಮುಟ್ಟೋ ಮುಂಚೆ ಬಲ್ಲವರಿಗೆ ಒಳಗಿನ ಶಾಫ್ಟ್, ಕ್ಲಚ್, ಆಕ್ಸಲ್ ತೋರಿಸಿ. ಕವಚ, ಊರುಗೋಲು, ಸ್ವಿಚ್ ಇಲ್ಲದೆ ಕಣಕ್ಕೆ ಹೋಗಬೇಡಿ. ಗಾಡಿ ಟಕ್ ಅಂದರೆ ನಿಲ್ಲಿಸಿ. ಬಹುಮಾನ ಮುಂದಿನ ವರ್ಷವೂ ಇರುತ್ತೆ. ಅದನ್ನು ತರೋಕೆ ನೀವೂ ಇರಬೇಕು.