ಹಿಟ್ಟಿಗೆ ಹೊದಿಸಿದ ಕಂಬಳಿ

ನನ್ನ ಹನಿಮೂನಿಗೆ ನಾವು ಮೂವರು ಹೋಗಿದ್ದೆವು. ನಾನು, ನನ್ನ ಗಂಡ ಚಿರಾಗ್, ಮತ್ತು ಒಂದು ಡಬ್ಬ ದೋಸೆಹಿಟ್ಟು.

ಹಿಟ್ಟು ಸರೋಜಿನಿ ಅತ್ತೆಯದು. ಅವರು ಚಿರಾಗ್‌ನ ತಂದೆಯ ತಂಗಿ; ಅವನಿರುವುದು ಅವರ ಮನೆಯಲ್ಲೇ. ಕೆರೊಲಿನಾದ ಏಪೆಕ್ಸ್ ಊರಿನ ಆ ಮನೆಯಿಂದ ಹೊರಟು ನಾನು ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಓಡಿಬಂದು, ಟವೆಲ್ ಸುತ್ತಿದ ದೊಡ್ಡ ಪ್ಲಾಸ್ಟಿಕ್ ಮೊಸರಿನ ಡಬ್ಬವೊಂದನ್ನು ನನ್ನ ತೊಡೆಯ ಮೇಲೆ ಕೂರಿಸಿದರು.

"ಅಪೂರ್ವಾ, ಮದುವೆ ಆದ್ಮೇಲೆ ನೀವಿಬ್ರೇ ಮೊದಲ್ನೇ ಸಲ ಒಲೆ ಹಚ್ತಿರೋದು. ಹೊರಗಿನ ಬ್ರೆಡ್ಡು ಗಿಡ್ಡು ತಿನ್ಬೇಡಿ. ಬೆಳಿಗ್ಗೆ ಅಷ್ಟೊತ್ತಿಗೆ ಉಬ್ಬಿರತ್ತೆ, ದೋಸೆ ಹುಯ್ಕೊಳ್ಳಿ."

ಬೆಟ್ಟದ ಮೇಲಿನ ಕ್ಯಾಬಿನ್ ಬುಕ್ ಮಾಡಿದವಳು ನಾನು. ಹಿಮ ನೋಡುವ ಆಸೆಗಲ್ಲ. ನಾನಿರುವ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಪ್ರತಿ ಚಳಿಗಾಲ ಕಾರಿನ ಮೇಲಿಂದ ಹಿಮ ಕೆರೆದು ಕೆರೆದು ನನಗೆ ಸಾಕಾಗಿದೆ. ಗಂಡನ ಬಾಯಿಂದ ಒಂದು ಉತ್ತರ ಬೇಕಿತ್ತು, ಅಷ್ಟೆ. ನನ್ನದು ಔಷಧ ಪರೀಕ್ಷಿಸುವ ಲ್ಯಾಬಿನ ಕೆಲಸ, ಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ಹೊಸ ತಂಡವೊಂದನ್ನು ನನ್ನ ಕೈಗೆ ಕೊಡುವವರಿದ್ದರು. ಉಳಿಯುತ್ತೇನೋ ಬಿಟ್ಟುಹೋಗುತ್ತೇನೋ ಸೋಮವಾರ ಹೇಳಬೇಕಿತ್ತು. ಚಿರಾಗ್‌ನ ಕೆಲಸವೋ, ಲ್ಯಾಪ್‌ಟಾಪ್ ತೆರೆದಲ್ಲೇ ಆಫೀಸು. ಅವನು ಮೇರಿಲ್ಯಾಂಡಿಗೆ ಬರುತ್ತಾನಾ, ನಾನು ಕೆಲಸ ಬಿಟ್ಟು ಏಪೆಕ್ಸ್‌ಗೆ ಹೋಗಬೇಕಾ? ಮದುವೆಗೆ ಮುಂಚೆ ಕೇಳಿದಾಗ "ನೋಡೋಣ" ಎಂದ. ಮದುವೆಯ ದಿನ ಕೇಳಿದಾಗ "ಹನಿಮೂನಲ್ಲಿ ಆರಾಮಾಗಿ ಕೂತು ಮಾತಾಡೋಣ" ಎಂದ. ಯಾವಾಗ ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು.

ದಾರಿಯಲ್ಲಿ ಅಂಗಡಿಗೆ ಹೋದರೆ ಶೆಲ್ಫುಗಳು ಬಣಬಣ. ಹಿಮ ಬೀಳುತ್ತದೆ ಅಂತ ಟೀವಿಯಲ್ಲಿ ಹೇಳಿದರೆ ಸಾಕು, ಕೆರೊಲಿನಾದ ಜನ ಹಾಲು ಬ್ರೆಡ್ಡಿಗೆ ಮುಗಿಬೀಳುತ್ತಾರೆ. ನಮಗೆ ಸಿಕ್ಕಿದ್ದು ಎರಡು ಫ್ರೋಜನ್ ಪಿಜ್ಜಾ. "ಹಿಟ್ಟಿದೆಯಲ್ಲ, ಯಾಕೆ ಚಿಂತೆ?" ಎಂದ ಚಿರಾಗ್.

ಕ್ಯಾಬಿನ್ ತಲುಪುವ ಹೊತ್ತಿಗೆ ಹಿಮ ಹತ್ತಿ ಉದುರಿದ ಹಾಗೆ ಬೀಳುತ್ತಿತ್ತು. ಒಳಗೆ ಹೀಟರ್ ಸದ್ದು ಮಾಡುತ್ತಿತ್ತೇ ಹೊರತು ಬಿಸಿ ಕೊಡುತ್ತಿರಲಿಲ್ಲ. ನಾನು ಬಾತ್‌ರೂಮಿನಿಂದ ಹಲ್ಲು ಕಟಕಟ ಎನ್ನುತ್ತಾ ಹೊರಬಂದರೆ, ಹಾಸಿಗೆಯ ಮೇಲಿದ್ದ ದಪ್ಪ ಕಂಬಳಿ ಕಾಣೆ. ಬೆಂಕಿಗೂಡಿನ ಮುಂದೆ, ಆ ಮನೆಯ ಅತ್ಯಂತ ಬೆಚ್ಚನೆಯ ಜಾಗದಲ್ಲಿ, ಮೊಸರಿನ ಡಬ್ಬ ಅದನ್ನು ಹೊದ್ದುಕೊಂಡು ಕೂತಿತ್ತು.

"ಚಿರಾಗ್, ಏನಿದು?"

"ಈ ಚಳೀಲಿ ಉಬ್ಬಲ್ಲ ಕಣೇ. ಅತ್ತೆ ಬೆಳಿಗ್ಗೆ ಕಾಲ್ ಮಾಡಿ ಕೇಳ್ತಾರೆ."

"ಹಿಟ್ಟಿಗೆ ಕಂಬಳಿ, ಹೆಂಡ್ತಿಗೆ ಚಳಿ. ಚೆನ್ನಾಗಿದೆ ನಿನ್ನ ಸಂಸಾರ."

ಅವನು ನಕ್ಕ. ನಾನು ನಗಲಿಲ್ಲ. ಜಾಕೆಟ್ ಹಾಕಿಕೊಂಡೇ ಅವನ ಪಕ್ಕ ಕೂತು, "ಸರಿ, ಈಗ ಮಾತಾಡೋಣ. ಸೋಮವಾರ ನಾನೇನು ಹೇಳ್ಲಿ?" ಎಂದೆ. ಅವನು ನನ್ನ ಕೈ ಹಿಡಿದುಕೊಂಡ. ಬಾಯಿ ತೆರೆದ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಫೋನು ಹೊಡೆದುಕೊಂಡಿತು. ವೀಡಿಯೊ ಕಾಲಿನಲ್ಲಿ ಅತ್ತೆಗೆ ಹಿಮ ತೋರಿಸಿದ. ಅತ್ತೆಯ ಗಂಡ ಪುಂಡಲೀಕ ಮಾವನಿಗೆ ಬೆಂಕಿಗೂಡು ತೋರಿಸಿದ. ಕಂಬಳಿ ಸರಿಸಿ ಇಬ್ಬರಿಗೂ ಹಿಟ್ಟು ತೋರಿಸಿದ. ಆಮೇಲೆ ಕುಮಟಾದಲ್ಲಿ ಎದ್ದಿದ್ದ ಅವನ ಅಮ್ಮನಿಗೆ ಮತ್ತೆ ಮೊದಲಿನಿಂದ ತೋರಿಸಿದ. ನಾನು ಆಗಾಗ ಫ್ರೇಮಿನೊಳಗೆ ಬಂದು ಹಲ್ಲು ಕಿರಿದು ಹೋದೆ.

ಬೆಳಿಗ್ಗೆ ಕಾರಿನ ಚಕ್ರ ಕಾಣದಷ್ಟು ಹಿಮ. ರಸ್ತೆ ತೆರವಾಗುವವರೆಗೆ ಕಾರು ತೆಗೆಯಬೇಡಿ ಎಂದು ಕ್ಯಾಬಿನ್ನಿನ ಮಾಲೀಕಳಿಂದ ಮೆಸೇಜ್. ಕಿಟಕಿಯಾಚೆ ಪೈನ್ ಮರಗಳೂ ಬೇಲಿಯೂ ಬೆಳ್ಳಗಾಗಿ, ನಿಜ ಹೇಳಬೇಕೆಂದರೆ, ತುಂಬ ಚೆನ್ನಾಗಿತ್ತು. ಬಾ ನೋಡು ಎಂದು ಕರೆದರೆ ಗಂಡ ಡಬ್ಬದೊಳಗೆ ಇಣುಕುತ್ತಿದ್ದ.

"ಒಂಚೂರೂ ಉಬ್ಬಿಲ್ಲ ಅಪ್ಪು."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕಂಬಳಿಯನ್ನು ಕಿತ್ತುಕೊಂಡು ನಾನೇ ಹೊದ್ದು ಸೋಫಾ ಮೇಲೆ ಕೂತೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಇನ್ನೊಮ್ಮೆ ಕೇಳಿದೆ: ಬರ್ತೀಯೋ ಇಲ್ವೋ? "ಒಂದ್ನಿಮಿಷ" ಎಂದು ಡಬ್ಬ ಎತ್ತಿಕೊಂಡು ಅಡುಗೆಮನೆಗೆ ಹೋದವನು ಎಷ್ಟೋ ಹೊತ್ತು ಬರಲಿಲ್ಲ. ಬಂದವನು ನೇರ ಹೊರಗೆ ಹೋಗಿ ಮೆಟ್ಟಿಲ ಹಿಮ ಬಾಚತೊಡಗಿದ. ಹೋಗಲು ದಾರಿಯೇ ಇಲ್ಲದ ಮನೆಗೆ ಮೆಟ್ಟಿಲು ಸ್ವಚ್ಛ!

ಮಧ್ಯಾಹ್ನ ಹಸಿವು ತಡೆಯಲಾರದೆ ನಾನು ಎದ್ದೆ. ಹಾಳಾಗಲಿ ಅತ್ತೆಯ ದೋಸೆ ಎಂದುಕೊಂಡು ಪಿಜ್ಜಾ ತೆಗೆದೆ, ಓವನ್ ಹೆಚ್ಚು ಬಿಸಿಗೆ ಇಟ್ಟೆ, ಮತ್ತೆ ಕಂಬಳಿಯೊಳಗೆ ಸೇರಿದೆ.

ಇಲ್ಲಿನ ನಮ್ಮವರ ಮನೆಗಳಲ್ಲಿ ಚಳಿಗಾಲದಲ್ಲಿ ಹಿಟ್ಟು ಎಲ್ಲಿ ಮಲಗುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಓವನ್ನಿನೊಳಗೆ, ಲೈಟ್ ಮಾತ್ರ ಹಾಕಿ; ಆ ಲೈಟಿನ ಬಿಸಿಗೇ ಉಬ್ಬುತ್ತದೆ. ನಾನೂ ಇಟ್ಟವಳೇ. ಆದರೆ ಇಟ್ಟವರು ಬಾಗಿಲ ಮೇಲೆ ಒಂದು ಚೀಟಿ ಅಂಟಿಸಬೇಕು, ಇಲ್ಲವೇ ಬಾಯಿಬಿಟ್ಟು ಹೇಳಬೇಕು. ಬಾಯಿಬಿಡುವುದೇ ನನ್ನ ಗಂಡನಿಗೆ ಬರದ ವಿದ್ಯೆ.

ಮೊದಲು ವಾಸನೆ. ಆಮೇಲೆ ಹೊಗೆ. ಆಮೇಲೆ ಸ್ಮೋಕ್ ಅಲಾರಂ ಕಿರುಚಿದ ರೀತಿಗೆ ಆ ಬೆಟ್ಟದ ಕರಡಿಗಳೆಲ್ಲ ಎದ್ದಿರಬೇಕು. ಓವನ್ ಆರಿಸಿ ಬಾಗಿಲು ತೆಗೆದರೆ ಮೊಸರಿನ ಡಬ್ಬ ಕರಗಿ ಕಂಬಿಗಳ ಮೇಲೆ ಇಳಿದಿತ್ತು. ಅದರೊಂದಿಗೆ ಹಿಟ್ಟೂ ಇಳಿದು, ಹೊರಗೆ ಕಪ್ಪಗೆ ಸೀದು ಒಳಗೆ ಹಸಿಯಾಗಿ ಬಿದ್ದಿತ್ತು. ಅಲಾರಂ ಕೇಳಿ ಚಿರಾಗ್ ಓಡಿಬಂದ; ಎಲ್ಲ ಕಿಟಕಿ ತೆರೆದು ಇಬ್ಬರೂ ವರಾಂಡಕ್ಕೆ ಓಡಿದೆವು. ನಾನು ಕಂಬಳಿ ಹೊದ್ದೇ, ಸಾಕ್ಸಿನಲ್ಲಿ ಹಿಮದ ಮೇಲೆ ನಿಂತಿದ್ದೆ.

"ಓವನ್ ಆನ್ ಮಾಡೋ ಮುಂಚೆ ನೋಡ್ಬಾರ್ದಾ?" ಎಂದ ಚಿರಾಗ್.

"ಒಳಗಿಟ್ಟಿದೀನಿ ಅಂತ ಹೇಳ್ಬಾರ್ದಾ?" ಎಂದೆ.

ಅಲಾರಂ ನಿಲ್ಲುವಷ್ಟರಲ್ಲಿ ಫೋನ್ ಬಂತು. ಅತ್ತೆ. ಚಿರಾಗ್ ವೀಡಿಯೊ ಹಾಕಲಿಲ್ಲ, ಸ್ಪೀಕರ್ ಮಾತ್ರ ಹಾಕಿದ.

"ದೋಸೆ ಹೇಗ್ ಬಂತೋ?"

"ಸೂಪರ್ ಅತ್ತೆ. ಚೆನ್ನಾಗಿ ಉಬ್ಬಿತ್ತು. ಇಬ್ರೂ ಹೊಟ್ಟೆ ತುಂಬ ತಿಂದ್ವಿ."

ಫೋನಿಟ್ಟ. ನಾನು ಅವನ ಮುಖವನ್ನೇ ನೋಡಿದೆ. ಅಷ್ಟು ಹೊತ್ತಿನಿಂದ ಇದ್ದ ಸಿಟ್ಟು ಇಳಿದು, ಅದರ ಜಾಗಕ್ಕೆ ಭಯ ಬಂತು. ಹಿಟ್ಟು ಸೀದುಹೋಯಿತು ಎನ್ನಲಾರದವನು, ಮನೆ ಬಿಟ್ಟು ಹೋಗುತ್ತೇನೆ ಎಂದು ಆ ಹೆಂಗಸಿಗೆ ಯಾವ ಜನ್ಮದಲ್ಲಿ ಹೇಳಿಯಾನು?

"ಚಿರಾಗ್, ನನ್ ಜೊತೆ ಬರೋಕೆ ನಿನಗೆ ಇಷ್ಟ ಇದ್ಯಾ ಇಲ್ವಾ? ಅದೊಂದು ಹೇಳು. ಇಲ್ಲ ಅಂದ್ರೂ ಪರ್ವಾಗಿಲ್ಲ, ಆದ್ರೆ ಹೇಳು."

ಅವನು ವರಾಂಡದ ಕಟ್ಟೆಯ ಹಿಮ ಕೊಡವುತ್ತಾ ನಿಂತ. ಕೊನೆಗೆ ಹೇಳಿದ.

"ಇಷ್ಟ ಇದೆ. ನೀನು ಫಸ್ಟ್ ಕೇಳಿದಾಗ್ಲೇ ಇತ್ತು. ಅತ್ತೆಗೆ ಹೇಳೋಕಾಗ್ತಿಲ್ಲ. ಕೋವಿಡ್ ಟೈಮಲ್ಲಿ ಹಾಸ್ಟೆಲ್ ಕ್ಲೋಸ್ ಆದಾಗ ಸೂಟ್‌ಕೇಸ್ ಹಿಡ್ಕೊಂಡು ಅವರ ಮನೆಗೆ ಹೋದೆ. ಒಂದು ವಾರಕ್ಕೆ ಅಂತ. ಅವತ್ತಿಂದ ಒಂದಿನಾನೂ ನನ್ನನ್ನ ಬೇರೆಯವನು ಅಂತ ನೋಡಿಲ್ಲ ಅಪ್ಪು. ಅವರಿಗೆ ಮಕ್ಕಳಿಲ್ಲ. ಬೇಸ್‌ಮೆಂಟಿಗೆ ಈಗ ಪೇಂಟ್ ಮಾಡಿಸ್ತಿದಾರೆ, ನೀನು ಬಂದು ಇರ್ಲಿ ಅಂತ."

ಇದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು! ಇಷ್ಟು ತಿಂಗಳು ನಾನು ಅವನಿಗೆ ನನ್ನ ಕೆಲಸದ ಬೆಲೆ ಗೊತ್ತಿಲ್ಲ ಎಂದುಕೊಂಡಿದ್ದೆ. ಅಳು ಬಂತು, ಅದರ ಮೇಲೆ ಮತ್ತೆ ಸಿಟ್ಟು ಬಂತು.

"ನಾನು ಅವರಿಗೆ ಹೇಳಲ್ಲ. ನಾನು ಹೇಳಿದ್ರೆ ಸೊಸೆ ಬಂದು ಹುಡುಗನ್ನ ಕಿತ್ಕೊಂಡು ಹೋದ್ಲು ಅಂತಾಗತ್ತೆ. ನೀನೇ ಹೇಳು. ಹಿಟ್ಟಿಂದ ಶುರು ಮಾಡು."

ಅವನು ವೀಡಿಯೊ ಕಾಲ್ ಮಾಡಿದ. ಅತ್ತೆ ಅಡುಗೆಮನೆಯಲ್ಲಿದ್ದರು.

"ಅತ್ತೆ, ಸುಳ್ಳು ಹೇಳ್ದೆ. ದೋಸೆ ತಿನ್ಲಿಲ್ಲ. ಹಿಟ್ಟು ಓವನ್ನಲ್ಲಿ ಸುಟ್ಟೋಯ್ತು."

"ಅಯ್ಯೋ, ಹೋಗ್ಲಿ ಬಿಡೋ! ಕೈ ಗೀ ಸುಟ್ಕೊಂಡ್ರಾ? ನೀವಿಬ್ರೂ ಮನೆಗೆ ಬನ್ನಿ, ಇನ್ನೊಂದ್ಸಲ ಅರೀತೀನಿ."

ಅವನು ನನ್ನ ಕಡೆ ನೋಡಿದ. ನಾನು ಕಂಬಳಿಯ ಅರ್ಧವನ್ನು ಅವನ ಹೆಗಲಿಗೆ ಎಳೆದೆ. ಅಷ್ಟಕ್ಕಿಂತ ಹೆಚ್ಚು ಸಹಾಯ ಮಾಡುವ ಮನಸ್ಸು ಇರಲಿಲ್ಲ.

"ಅತ್ತೆ, ಮನೆಗೆ ಬರ್ತೀವಿ. ಆದ್ರೆ ಇರೋಕಲ್ಲ. ನನ್ ಸಾಮಾನು ತಗೊಂಡ್ ಹೋಗೋಕೆ. ಅಪ್ಪು ಕೆಲ್ಸ ಬಿಡೋದ್ ಬೇಡ ಅಂತ... ನಾನೇ ಕೊಲಂಬಿಯಾಗೆ ಹೋಗ್ತೀನಿ."

ಫೋನ್ ಹ್ಯಾಂಗ್ ಆಯಿತೇನೋ ಎಂದುಕೊಂಡೆ. ಆದರೆ ಅತ್ತೆಯ ಹಿಂದೆ ಕುಕ್ಕರಿನ ಆವಿ ಏಳುತ್ತಲೇ ಇತ್ತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಚಿರಾಗ್ ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದು ನನಗೂ ಕಂಡಿತು. ಬೈಗುಳವಲ್ಲ ಅದು.

ಕೊನೆಗೆ ಅತ್ತೆ ಅವನನ್ನು ಬಿಟ್ಟು ನನ್ನನ್ನು ಕೇಳಿದರು.

"ಅಪೂರ್ವಾ, ಅಲ್ಲಿ ಇನ್ನೂ ಚಳಿ ಅಲ್ವೇನಮ್ಮ? ಹಿಟ್ಟು ಉಬ್ಬತ್ತಾ?"

"ಉಬ್ಬತ್ತೆ ಅತ್ತೆ," ಎಂದೆ. "ಕಂಬಳಿ ಹೊದಿಸಿ ಇಡ್ತೀನಿ."